ಹೆದ್ದಾರಿ ಬಿಟ್ಟ ಮೇಲಿನ ಇನ್ನೂರು ಮೀಟರು

2009ರ ಜೂನ್ 21ರಂದು ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ರಸ್ತೆ ಇಲಾಖೆಯೇ ಮುಂದೆ ನಿಂತು ವಾಹನಗಳನ್ನು ‘ತಪ್ಪು’ ಬದಿಗೆ ಕಳಿಸತೊಡಗಿತು. ಆ ದೇಶದಲ್ಲಿ ಎಲ್ಲರೂ ಬಲಬದಿಯಲ್ಲಿ ಗಾಡಿ ಓಡಿಸುವವರು. ಆದರೆ ಇಂಟರ್‌ಸ್ಟೇಟ್ 44 ಹೆದ್ದಾರಿಯನ್ನು ದಾಟುವ ಕಾನ್ಸಾಸ್ ಎಕ್ಸ್‌ಪ್ರೆಸ್‌ವೇ ಸೇತುವೆಯ ಬುಡದಲ್ಲಿ ಸಿಗ್ನಲ್ ಹಸಿರಾದರೆ, ಅವರ ಲೇನು ಓರೆಯಾಗಿ ಹಾದು ಎದುರು ಬದಿಗೆ ಹೋಗುತ್ತಿತ್ತು. ಸೇತುವೆಯ ಉದ್ದಕ್ಕೂ ಅವರು ನಮ್ಮ ಹಾಗೆ ಎಡಗಡೆಯಲ್ಲೇ ಸಾಗಿ, ಆಚೆ ತುದಿಯ ಇನ್ನೊಂದು ಸಿಗ್ನಲ್ಲಿನಲ್ಲಿ ಮತ್ತೆ ಬಲಕ್ಕೆ ಮರಳಬೇಕಿತ್ತು. ಅಮೆರಿಕದಲ್ಲಿ ಇಂಥ ಜೋಡಣೆ ಅದೇ ಮೊದಲು. ಹುಟ್ಟಿದಾಗಿನಿಂದ ಬಲಗಡೆ ಓಡಾಡಿದವರನ್ನು ಕೆಲವು ನೂರು ಮೀಟರುಗಳ ಮಟ್ಟಿಗೆ ಎಡಗಡೆಗೆ ತಳ್ಳುವಷ್ಟು ದೊಡ್ಡ ತಲೆಬೇನೆ ಏನಿತ್ತು ಎಂದರೆ, ಎಡತಿರುವು.

ಮುಂದೆ ಓದುವ ಮೊದಲು ಒಂದು ಕನ್ನಡಿ ಹಿಡಿದುಕೊಳ್ಳಿ. ನಮ್ಮಲ್ಲಿ ಎಡಬದಿ ಚಾಲನೆ, ಹಾಗಾಗಿ ಎಡಕ್ಕೆ ತಿರುಗುವುದು ಸಲೀಸು, ಬಲಕ್ಕೆ ತಿರುಗಬೇಕೆಂದರೆ ಎದುರಿನಿಂದ ಬರುವವರ ದಾರಿಯನ್ನು ಸೀಳಿಕೊಂಡು ಹೋಗಬೇಕು. ಅಮೆರಿಕದಲ್ಲಿ ಇದು ತಿರುಗುಮುರುಗು. ಅಲ್ಲಿ ಬಲತಿರುವು ಸುಲಭದ್ದು, ಎಡತಿರುವು ಗಂಡಾಂತರದ್ದು. ಈ ಅಧ್ಯಾಯದ ಬಹುಪಾಲು ಅಲ್ಲಿನ ರಸ್ತೆಗಳ ಮೇಲೆಯೇ ನಡೆಯುವುದರಿಂದ ಎಡ ಬಲಗಳನ್ನು ಅವರ ಲೆಕ್ಕದಲ್ಲೇ ಇಟ್ಟಿದ್ದೇನೆ.

ಹೆದ್ದಾರಿಯಲ್ಲಿ ಹೋಗುವಷ್ಟು ಹೊತ್ತು ಚಾಲಕನ ಕೆಲಸ ಕಡಿಮೆ. ಎದುರಿನಿಂದ ಯಾರೂ ಬರುವುದಿಲ್ಲ, ಅಡ್ಡ ಯಾರೂ ನುಗ್ಗುವುದಿಲ್ಲ, ಸಿಗ್ನಲ್ ಇಲ್ಲ, ಪಾದಚಾರಿಗಳಿಲ್ಲ. ಎಕ್ಸಿಟ್ ಫಲಕ ಕಂಡ ಮೇಲೆ ಒಂದು ನಿಮಿಷದೊಳಗೆ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತದೆ. ಲೇನ್ ಬದಲಿಸಬೇಕು, ವೇಗ ಇಳಿಸಬೇಕು, ರ‍್ಯಾಂಪಿನ ತಿರುವಿನಲ್ಲಿ ಸ್ಟೀರಿಂಗ್ ಹಿಡಿತ ತಪ್ಪಬಾರದು. ಅದರ ಕೊನೆಯಲ್ಲಿ ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಿ ಸರಿಯಾದ ಲೇನಿಗೆ ಬರಬೇಕು, ಸಿಗ್ನಲ್ ನೋಡಬೇಕು, ಮುಂದಿನವನು ನಿಂತನೋ ಹೊರಟನೋ ಗಮನಿಸಬೇಕು. 1975ರಲ್ಲಿ ಗರ್ಸನ್ ಅಲೆಕ್ಸಾಂಡರ್ ಮತ್ತು ಹೆರಾಲ್ಡ್ ಲ್ಯೂನೆನ್‌ಫೆಲ್ಡ್ ಎಂಬ ಇಬ್ಬರು ಅಮೆರಿಕದ ಹೆದ್ದಾರಿ ಆಡಳಿತಕ್ಕಾಗಿ ‘ಪಾಸಿಟಿವ್ ಗೈಡೆನ್ಸ್’ ಎಂಬ ಚಿಂತನೆಯನ್ನು ಬರಹಕ್ಕಿಳಿಸಿದರು. ಅದರ ತಿರುಳು ಸರಳ: ಚಾಲಕ ಏನನ್ನು ನಿರೀಕ್ಷಿಸುತ್ತಾನೋ ಅದೇ ಸಿಕ್ಕರೆ ಬೇಗ ಮತ್ತು ಸರಿಯಾಗಿ ಪ್ರತಿಕ್ರಿಯಿಸುತ್ತಾನೆ. ನಿರೀಕ್ಷೆ ಸುಳ್ಳಾದರೆ, ಅಥವಾ ಒಂದೇ ಉಸಿರಿಗೆ ನಾಲ್ಕು ತೀರ್ಮಾನ ಕೇಳಿದರೆ, ತಡವರಿಸುತ್ತಾನೆ. ಎಕ್ಸಿಟ್ಟಿನ ಹತ್ತಿರದ ತಿರುವು ಲೇನುಗಳನ್ನು ಬರೆಯುವ ಎಂಜಿನಿಯರರ ಕೆಲಸವೆಲ್ಲ ಈ ನಾಲ್ಕನ್ನು ಬಿಡಿಸಿ, ಒಂದೊಂದಕ್ಕೂ ಒಂದಿಷ್ಟು ಉದ್ದದ ರಸ್ತೆ ಕೊಡುವುದು. ಅಗಲಕ್ಕಿಂತ ಉದ್ದವೇ ಇಲ್ಲಿ ದುಬಾರಿ ಸರಕು.

ಎಷ್ಟು ಉದ್ದ ಬೇಕೆಂಬುದಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಗಂಟೆಗೆ 110 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 30 ಮೀಟರ್. ಮುಂದೆ ಕೆಂಪು ದೀಪ ಕಂಡು, ಅದು ಕೆಂಪು ದೀಪವೆಂದು ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವುದಕ್ಕೆ ವಿನ್ಯಾಸಕಾರರು 2.5 ಸೆಕೆಂಡ್ ಕೊಡುತ್ತಾರೆ. ಅಷ್ಟರಲ್ಲಿ ಕಾರು 76 ಮೀಟರ್ ಹೋಗಿರುತ್ತದೆ. ಆಮೇಲೆ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 3.4 ಮೀಟರಿನಷ್ಟು ಇಳಿಸುತ್ತ ಹೋದರೆ ನಿಲ್ಲಲು ಇನ್ನೂ 137 ಮೀಟರ್. ಒಟ್ಟು 210 ದಾಟಿತು. ವೇಗ ಅರ್ಧವಾದರೆ ಬ್ರೇಕಿನ ದೂರ ಕಾಲು ಭಾಗಕ್ಕಿಳಿಯುತ್ತದೆ, ಏಕೆಂದರೆ ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 110ರಲ್ಲಿ ಹೋಗುವ ಕಾರಿನಲ್ಲಿ 40ರಲ್ಲಿ ಹೋಗುವ ಅದೇ ಕಾರಿಗಿಂತ ಏಳೂವರೆ ಪಟ್ಟು ಶಕ್ತಿ ತುಂಬಿರುತ್ತದೆ. ಈ ಶಕ್ತಿಯನ್ನೆಲ್ಲ ಹೆದ್ದಾರಿಯ ಮುಖ್ಯ ಲೇನಿನಲ್ಲಿ ಕಳೆದರೆ ಹಿಂದಿನವರಿಗೆ ಅಪಾಯ, ರ‍್ಯಾಂಪಿನ ಕೊನೆಯಲ್ಲಿ ಕಳೆಯುತ್ತೇನೆಂದರೆ ಮುಂದಿನವರಿಗೆ ಅಪಾಯ. ಆದ್ದರಿಂದಲೇ ಬೇರೆಯಾಗಿ ‘ವೇಗ ಇಳಿಸುವ ಲೇನು’ ಬಂತು. ಅಮೆರಿಕದ ರಸ್ತೆ ವಿನ್ಯಾಸದ ಕೈಪಿಡಿ, ‘ಹಸಿರು ಪುಸ್ತಕ’ ಎಂದೇ ಹೆಸರಾದದ್ದು, ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಬೇಕಾದರೆ 170 ಮೀಟರ್, 120ರಿಂದ ನಿಲ್ಲಬೇಕಾದರೆ 200 ಮೀಟರ್ ಇರಲಿ ಎನ್ನುತ್ತದೆ. ಚಾಲಕ ಮೊದಲು ಮೂರು ಸೆಕೆಂಡ್ ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿಯನ್ನು ಹಾಗೇ ಬಿಡುತ್ತಾನೆ, ಆಮೇಲೆ ಹಗುರವಾಗಿ ಬ್ರೇಕ್ ಒತ್ತುತ್ತಾನೆ ಎಂಬ ಕಲ್ಪನೆಯ ಮೇಲೆ ಕಟ್ಟಿದ ಲೆಕ್ಕ ಅದು. ಅದರ ಬೇರು 1930ರ ದಶಕದ ಅಳತೆಗಳಲ್ಲಿದೆ. ಆ ಕಾಲದ ಕಾರುಗಳ ಬ್ರೇಕು ಇಂದಿನವಕ್ಕಿಂತ ಎಷ್ಟೋ ದುರ್ಬಲ. ಹಾಗಿದ್ದೂ ಲೆಕ್ಕ ಬದುಕಿ ಉಳಿದಿದೆ, ಏಕೆಂದರೆ ಬ್ರೇಕು ಸುಧಾರಿಸಿದ್ದರೂ ಬ್ರೇಕ್ ತುಳಿಯುವವರ ತಲೆ ಅಷ್ಟೇ ಇದೆ.

ಆ ತಲೆಯ ಬಗ್ಗೆಯೇ ಇನ್ನೊಂದು ಮಾತು. ಮುಕ್ಕಾಲು ಗಂಟೆ 110ರಲ್ಲಿ ಓಡಿಸಿ ಬಂದವನಿಗೆ 60 ಎಂದರೆ ನಡೆದಂತೆ ಅನ್ನಿಸುತ್ತದೆ. ಸೇತುವೆಯ ಮೇಲೆ ನಿಂತು ತುಂಬಿ ಹರಿಯುವ ಹೊಳೆಯನ್ನೇ ಒಂದೆರಡು ನಿಮಿಷ ದಿಟ್ಟಿಸಿ, ಥಟ್ಟನೆ ದಡದ ಕಡೆ ಕಣ್ಣು ತಿರುಗಿಸಿದರೆ ದಡವೇ ಹಿಂದಕ್ಕೆ ಸರಿದಂತೆ ಕಾಣುತ್ತದಲ್ಲ, ಇದೂ ಅದೇ ಜಾತಿಯ ಭ್ರಮೆ. ಚಲನೆಯನ್ನು ಗುರುತಿಸುವ ನರಕೋಶಗಳು ಒಂದೇ ತೆರನ ಚಲನೆಗೆ ಒಗ್ಗಿ ಮಂದವಾಗಿರುತ್ತವೆ. ಚಾಲಕ ಸ್ಪೀಡೋಮೀಟರ್ ನೋಡದೆ ಬರೀ ಕಣ್ಣಂದಾಜಿನಲ್ಲಿ ವೇಗ ಇಳಿಸಿದರೆ ಸಾಮಾನ್ಯವಾಗಿ ಬೇಕಾದದ್ದಕ್ಕಿಂತ ಹೆಚ್ಚು ವೇಗದಲ್ಲೇ ರ‍್ಯಾಂಪಿನ ಕೊನೆಗೆ ಬರುತ್ತಾನೆ. ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ಗಾರ್ಡನ್ ಡೆಂಟನ್ ಎಂಬ ಮನೋವಿಜ್ಞಾನಿ ಈ ಭ್ರಮೆಗೆ ಭ್ರಮೆಯಿಂದಲೇ ಮದ್ದು ಹುಡುಕಿದರು. ಸ್ಕಾಟ್ಲೆಂಡಿನ ಎಂ8 ಮೋಟಾರ್‌ವೇ ಆಗ ಕೊನೆಯಾಗುತ್ತಿದ್ದ ನ್ಯೂಬ್ರಿಜ್ ವೃತ್ತದ ಮೊದಲು, 1971ರಲ್ಲಿ, ರಸ್ತೆಗೆ ಅಡ್ಡಲಾಗಿ ಹಳದಿ ಪಟ್ಟಿಗಳನ್ನು ಬಳಿಸಿದರು. ಪಟ್ಟಿಗಳ ನಡುವಿನ ಅಂತರ ವೃತ್ತ ಹತ್ತಿರವಾದಂತೆ ಕಿರಿದಾಗುತ್ತ ಹೋಗುತ್ತಿತ್ತು. ಒಂದೇ ವೇಗದಲ್ಲಿ ಬಂದವನಿಗೆ ಪಟ್ಟಿಗಳು ಪಟಪಟ ಬೇಗ ಬೇಗ ಹಾದು, ತನ್ನ ವೇಗ ಏರುತ್ತಿದೆಯೆಂಬ ಅನುಮಾನ ಹುಟ್ಟಬೇಕು ಎಂಬುದು ಲೆಕ್ಕಾಚಾರ. ಆಮೇಲೆ ಬ್ರಿಟನ್ನಿನ ಬೇರೆ ಬೇರೆ ಕಡೆ ಬಳಿದ ಪಟ್ಟಿಗಳನ್ನು 1981ರಲ್ಲಿ ಪರಿಶೀಲಿಸಿದಾಗ ವೇಗಕ್ಕೆ ಸಂಬಂಧಿಸಿದ ಅಪಘಾತಗಳು ಶೇ. 57ರಷ್ಟು ಇಳಿದಿದ್ದವು. ಕಣ್ಣು ಮೋಸಹೋಯಿತೋ, ಇಲ್ಲಾ ಬರೀ ಹಳದಿ ಬಣ್ಣ ಕಂಡು ಚಾಲಕ ಎಚ್ಚೆತ್ತನೋ ಎಂಬ ಚರ್ಚೆ ಉಳಿದೇ ಇದೆ. ನನಗೇನೋ ಎರಡನೆಯದೇ ನಿಜವೆನ್ನಿಸುತ್ತದೆ. ಬಣ್ಣದ ಡಬ್ಬದ ಖರ್ಚಿನಲ್ಲಿ ಅಷ್ಟು ಜೀವ ಉಳಿದರೆ ಯಾವುದಾದರೇನು.

ಎಕ್ಸಿಟ್ ಬೇರೆಯಾಗುವ ತುದಿಯಲ್ಲಿ ಹೆದ್ದಾರಿಗೂ ರ‍್ಯಾಂಪಿಗೂ ನಡುವೆ ತ್ರಿಕೋನಾಕಾರದ ಜಾಗವೊಂದು ಉಳಿಯುತ್ತದೆ. ಹೋಗಲೋ ಬೇಡವೋ ಎಂದು ಕೊನೆ ಗಳಿಗೆಯವರೆಗೆ ತೂಗಿದವರು ಬಂದು ಗುದ್ದುವುದು ಅಲ್ಲಿಗೇ. ಅಮೆರಿಕದಲ್ಲಿ ಆ ಮೂಲೆಗಳಲ್ಲಿ ಮರಳು ತುಂಬಿದ ಹಳದಿ ಪ್ಲಾಸ್ಟಿಕ್ ಪೀಪಾಯಿಗಳ ಸಾಲು ಕಾಣುತ್ತದೆ. ಅದನ್ನು ಕಂಡುಹಿಡಿದವರು ಜಾನ್ ಫಿಚ್ ಎಂಬ ರೇಸ್ ಚಾಲಕ. 1955ರ ಲೆ ಮಾನ್ಸ್ ರೇಸಿನಲ್ಲಿ ಅವರ ಜೊತೆಗಾರ ಪಿಯರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ ಕಾರು ಜನರ ನಡುವೆ ಸಿಡಿದು ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಲೆವೆಯೂ ಉಳಿಯಲಿಲ್ಲ. ಅದೇ ಕಾರನ್ನು ಮುಂದಿನ ಸರದಿಗೆ ಓಡಿಸಬೇಕಿದ್ದ ಫಿಚ್, ಉಳಿದ ಆಯುಷ್ಯದ ದೊಡ್ಡ ಪಾಲನ್ನು ರಸ್ತೆ ಸುರಕ್ಷತೆಗೆ ಕೊಟ್ಟರು. ಮೊದಲ ಪೀಪಾಯಿಯಲ್ಲಿ ಮರಳು ಕಡಿಮೆ, ಹಿಂದಿನವುಗಳಲ್ಲಿ ಹೆಚ್ಚು. ಕಾರು ಒಂದೊಂದಾಗಿ ಒಡೆಯುತ್ತ ತನ್ನ ಶಕ್ತಿಯನ್ನು ಮರಳಿಗೆ ಹಂಚುತ್ತದೆ.

ಇನ್ನು ರ‍್ಯಾಂಪಿನ ಕೊನೆಗೆ ಬರೋಣ. ಅಲ್ಲಿ ಎಡಕ್ಕೆ ತಿರುಗುವವರಿಗೆ ಒಂದು ಪ್ರತ್ಯೇಕ ಲೇನು ಕೊಡಬೇಕು, ಸರಿ. ಆದರೆ ಎಷ್ಟು ಉದ್ದ? ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 300 ಕಾರುಗಳು ಎಡಕ್ಕೆ ತಿರುಗುತ್ತವೆ, ಸಿಗ್ನಲ್ ಎರಡು ನಿಮಿಷಕ್ಕೊಂದು ಸುತ್ತು ಬರುತ್ತದೆ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಸರಾಸರಿ ಹತ್ತು ಕಾರು. ನಿಂತ ಕಾರೊಂದಕ್ಕೆ ಮುಂದಿನ ಅಂತರವೂ ಸೇರಿ ಏಳೂವರೆ ಮೀಟರ್. ಹಾಗಾದರೆ 75 ಮೀಟರಿನ ಲೇನು ಸಾಕಲ್ಲ? ಸಾಲದು. ಕಾರುಗಳು ಹತ್ತು ಹತ್ತರ ಕಟ್ಟಾಗಿ ಬರುವುದಿಲ್ಲ. ಒಂದು ಸುತ್ತಿನಲ್ಲಿ ಆರು ಬಂದಾವು, ಇನ್ನೊಂದರಲ್ಲಿ ಹದಿನಾಲ್ಕು. ಇಂಥ ಎರ್ರಾಬಿರ್ರಿ ಆಗಮನದ ಗಣಿತವನ್ನು ಫ್ರಾನ್ಸಿನ ಪ್ವಾಸೋನ್ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿಟ್ಟಿದ್ದ. ಅವನ ಸೂತ್ರ ಹಾಕಿದರೆ ಹತ್ತಕ್ಕಿಂತ ಹೆಚ್ಚು ಕಾರು ಬರುವ ಸಂಭವ ಶೇ. 42ರ ಹತ್ತಿರ. ಎಂದರೆ ಗಂಟೆಯ ಮೂವತ್ತು ಸುತ್ತುಗಳಲ್ಲಿ ಹನ್ನೆರಡು ಸಲ ಸಾಲು ಲೇನಿನಿಂದ ಹೊರಗೆ ಚಾಚುತ್ತದೆ. ಹದಿನೈದು ಕಾರಿಗೆ ಜಾಗ ಮಾಡಿದರೆ ಆ ಸಂಭವ ಶೇ. 5ಕ್ಕೆ ಇಳಿಯುತ್ತದೆ, ಗಂಟೆಗೆ ಒಂದೆರಡು ಸಲ. ಸರಾಸರಿಯ ಒಂದೂವರೆ ಪಟ್ಟು, 110 ಮೀಟರಿಗೂ ಮೇಲು. ಅದರ ನಡುವೆ ಟ್ರೇಲರ್ ಲಾರಿಯೊಂದು ಬಂದು ನಿಂತರೆ ಎರಡು ಮೂರು ಕಾರುಗಳ ಜಾಗ ಹೋಯಿತು.

ಊರೊಳಗಿನ ಸರ್ಕಲ್ಲಿನಲ್ಲಿ ಸಾಲು ಹೊರಚಾಚಿದರೆ ಹಾರ್ನು, ಬೈಗುಳ, ಒಂದಿಷ್ಟು ತಡ. ಎಕ್ಸಿಟ್ ರ‍್ಯಾಂಪಿನಲ್ಲಿ ಹಾಗಲ್ಲ. ಸಾಲಿನ ಬಾಲ ರ‍್ಯಾಂಪು ತುಂಬಿ ಹಿಂದಕ್ಕೆ ಬೆಳೆದು ಹೆದ್ದಾರಿಯ ಲೇನಿಗೆ ತಲುಪಿದರೆ, 110ರಲ್ಲಿ ಬರುವವನ ಎದುರಿಗೆ ಸೊನ್ನೆ ವೇಗದ ಕಾರು ನಿಂತಿರುತ್ತದೆ. ಮೇಲೆ ಹೇಳಿದ 210 ಮೀಟರಿನ ಲೆಕ್ಕ ಆಗ ಯಾರ ಕೈಯಲ್ಲೂ ಇರುವುದಿಲ್ಲ, ಏಕೆಂದರೆ ಹೆದ್ದಾರಿಯ ನಡುವೆ ನಿಂತ ಕಾರನ್ನು ಯಾರೂ ನಿರೀಕ್ಷಿಸುವುದಿಲ್ಲ. ಇದಕ್ಕೆ ಎಂಜಿನಿಯರರು ಒಂದು ಜಾಣ ಉಪಾಯ ಮಾಡುತ್ತಾರೆ. ರ‍್ಯಾಂಪಿನ ಹೆದ್ದಾರಿ ಕಡೆಯ ತುದಿಯಲ್ಲಿ ಡಾಂಬರಿನೊಳಗೆ ತಂತಿಯ ಸುರುಳಿ ಹೂತಿಡುತ್ತಾರೆ. ಅದರ ಮೇಲೆ ಕಾರು ಹಲವು ಸೆಕೆಂಡ್ ಕದಲದೆ ನಿಂತರೆ ಸಿಗ್ನಲ್ ಪೆಟ್ಟಿಗೆಗೆ ಸುದ್ದಿ ಹೋಗುತ್ತದೆ. ಅಡ್ಡರಸ್ತೆಯವರು ಎಷ್ಟೇ ಕಾಯುತ್ತಿರಲಿ, ರ‍್ಯಾಂಪಿಗೆ ಹಸಿರು ಸಿಕ್ಕಿಬಿಡುತ್ತದೆ.

ತಿರುವು ಲೇನಿನಿಂದ ನಿಜಕ್ಕೂ ಎಷ್ಟು ಲಾಭ? ಸಾಮಾನ್ಯ ಅಡ್ಡರಸ್ತೆಗಳ ಮಟ್ಟಿಗೆ ಇದಕ್ಕೆ ಗಟ್ಟಿ ಉತ್ತರವಿದೆ. ಡಗ್ಲಸ್ ಹಾರ್‌ವುಡ್ ಮತ್ತು ಸಂಗಡಿಗರು 2002ರಲ್ಲಿ, ತಿರುವು ಲೇನಿನಂಥ ಸುಧಾರಣೆ ಕಂಡ 280 ಕೂಡುರಸ್ತೆಗಳ ಮೊದಲಿನ ಮತ್ತು ನಂತರದ ಅಪಘಾತಗಳನ್ನು ಹೋಲಿಸಿದರು. ಹಳ್ಳಿಗಾಡಿನ ಸಿಗ್ನಲ್ ಇಲ್ಲದ ಮೂರು ದಾರಿ ಕೂಡುವಲ್ಲಿ ಎಡತಿರುವಿಗೆ ಬೇರೆ ಲೇನು ಕೊಟ್ಟರೆ ಅಪಘಾತ ಶೇ. 44ರಷ್ಟು ಕಡಿಮೆ, ನಾಲ್ಕು ದಾರಿ ಕೂಡುವಲ್ಲಿ ಶೇ. 28. ನಗರದ ಸಿಗ್ನಲ್ ಇರುವ ನಾಲ್ಕು ದಾರಿಯಲ್ಲಿ ಬರೀ ಶೇ. 10. ಕಾರಣ ಊಹಿಸಬಹುದು. ಸಿಗ್ನಲ್ ಇದ್ದರೆ ಅದೇ ಅರ್ಧ ಕೆಲಸ ಮಾಡಿರುತ್ತದೆ. ಸಿಗ್ನಲ್ ಇಲ್ಲದಲ್ಲಿ, ಎದುರಿನವರು ಖಾಲಿಯಾಗಲಿ ಎಂದು ನಡುರಸ್ತೆಯಲ್ಲಿ ನಿಂತವನ ಬೆನ್ನಿಗೆ ಹಿಂದಿನವನು ಬಂದು ಗುದ್ದುವುದನ್ನು ಲೇನೊಂದೇ ತಪ್ಪಿಸಬೇಕು.

ಬಲತಿರುವು ಸುಲಭ ಎಂದೆನಲ್ಲ, ಅದಕ್ಕೂ ಅದರದೇ ಕಾಟವಿದೆ. ಹಳೆಯ ಎಕ್ಸಿಟ್‌ಗಳಲ್ಲಿ ಬಲಕ್ಕೆ ಹೋಗುವವರಿಗೆ ಉದಾರವಾದ ಅಗಲದ, ಮೆಲ್ಲಗೆ ಬಾಗುವ ದಾರಿ ಮಾಡಿರುತ್ತಾರೆ. ಅದು ಅಡ್ಡರಸ್ತೆಯನ್ನು ತೀರಾ ಓರೆಯಾಗಿ ಸೇರುತ್ತದೆ. ವೇಗ ಇಳಿಸಬೇಕಿಲ್ಲವಲ್ಲ ಎಂದು ಖುಷಿಯಾಗುತ್ತದೆ. ಆದರೆ ಆ ಓರೆ ಕೋನದಲ್ಲಿ ಎಡದಿಂದ ಬರುವ ವಾಹನ ಕಾಣಬೇಕೆಂದರೆ ಚಾಲಕ ಕತ್ತನ್ನು ಭುಜದ ಹಿಂದಕ್ಕೆ ತಿರುಚಬೇಕು. ಈ ಗಳಿಗೆಯನ್ನು ನಿಧಾನವಾಗಿ ನೋಡಿ. ಮುಂದೆ ಒಂದು ಕಾರು, ಹಿಂದೆ ಇನ್ನೊಂದು. ಮುಂದಿನ ಕಾರು ಹೊರಡುವಂತೆ ಒಂದು ಗಜ ಸರಿಯುತ್ತದೆ. ಹಿಂದಿನವನು ‘ಹೊರಟ’ ಎಂದುಕೊಂಡು ಕತ್ತು ಹಿಂದಕ್ಕೆ ತಿರುಗಿಸಿ ಸಂದಿ ಹುಡುಕುತ್ತಾನೆ, ಸಂದಿ ಸಿಕ್ಕಿತು, ಆಕ್ಸಿಲರೇಟರ್ ಒತ್ತುತ್ತಾನೆ. ಮುಂದಿನವನು ಅಷ್ಟರಲ್ಲಿ ಮನಸ್ಸು ಬದಲಿಸಿ ನಿಂತುಬಿಟ್ಟಿದ್ದಾನೆ. ಇಬ್ಬರೂ ಹಿಂದಕ್ಕೆ ನೋಡುತ್ತ ಮುಂದಕ್ಕೆ ಹೋಗುತ್ತಿದ್ದರು, ಅಷ್ಟೆ. ಜೀವ ಹೋಗುವುದು ಅಪರೂಪ, ಬಂಪರು ಮತ್ತು ಕತ್ತು ಉಳುಕುವುದು ದಿನನಿತ್ಯದ್ದು. ಮದ್ದು ವಿಚಿತ್ರವೆನ್ನಿಸುವಷ್ಟು ಸುಲಭ: ದಾರಿಯ ಕೊನೆಯನ್ನು ಲಂಬಕೋನಕ್ಕೆ ಇನ್ನಷ್ಟು ಹತ್ತಿರಕ್ಕೆ, 70 ಡಿಗ್ರಿಯ ಆಸುಪಾಸಿಗೆ, ಬಗ್ಗಿಸುವುದು. ಚಾಲಕ ಅನಿವಾರ್ಯವಾಗಿ ನಿಧಾನಿಸುತ್ತಾನೆ, ಕತ್ತು ತುಸು ಹೊರಳಿಸಿದರೂ ಎಡದ ವಾಹನ ಕಾಣುತ್ತದೆ, ದಾಟಲು ನಿಂತ ಪಾದಚಾರಿಯೂ ಕಣ್ಣಿಗೆ ಬೀಳುತ್ತಾನೆ. ಇದಕ್ಕೆ ‘ಸ್ಮಾರ್ಟ್ ಚಾನೆಲ್’ ಎನ್ನುತ್ತಾರೆ. ಕೆನಡಾದ ಪೆಂಟಿಕ್ಟನ್ ಊರಿನಲ್ಲಿ ತಾರೆಕ್ ಸಯ್ಯದ್ ಅವರ ತಂಡ ಇಂಥ ದಾರಿಗಳ ವಿಡಿಯೋ ಹಿಡಿದು, ಕಂಪ್ಯೂಟರಿನಿಂದ ಒಂದೊಂದು ವಾಹನದ ಜಾಡನ್ನೂ ಬಿಡಿಸಿ, ಅಪಘಾತವಾಗದೆ ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳನ್ನು ಎಣಿಸಿತು. ಬದಲಾವಣೆಯ ನಂತರ ಅವು ಗಣನೀಯವಾಗಿ ಇಳಿದಿದ್ದವು. ಹೆಣ ಬೀಳುವವರೆಗೆ ಕಾಯದೆ ಅಪಾಯ ಅಳೆಯುವ ಈ ವಿಧಾನ ನನಗೆ ಕೋನದ ಲೆಕ್ಕಕ್ಕಿಂತಲೂ ಹೆಚ್ಚು ಮೆಚ್ಚಿಗೆಯಾದದ್ದು.

ಬಲಕ್ಕೆ ತಿರುಗಿದ ಮಾತ್ರಕ್ಕೆ ಮುಗಿಯಲಿಲ್ಲ. ಎಕ್ಸಿಟ್ಟಿನ ಪಕ್ಕದ ಜಾಗ ವ್ಯಾಪಾರಕ್ಕೆ ಚಿನ್ನ. ಪೆಟ್ರೋಲ್ ಬಂಕು, ತಿಂಡಿ ಅಂಗಡಿ, ಹೋಟೆಲು ಎಲ್ಲ ಅಲ್ಲೇ. ರ‍್ಯಾಂಪಿನಿಂದ ಬಲಕ್ಕೆ ಬಂದು ರಸ್ತೆಯ ಬಲಅಂಚಿನ ಲೇನಿನಲ್ಲಿರುವವನಿಗೆ ನೂರು ಗಜ ಮುಂದೆ ಎಡಗಡೆಯ ಬಂಕಿಗೆ ಹೋಗಬೇಕಾಗಿದೆ. ಎರಡು ಮೂರು ಲೇನುಗಳನ್ನು ಒಂದೇ ಏಟಿಗೆ ಕತ್ತರಿಸಿ ಎಡತಿರುವಿನ ಲೇನಿಗೆ ನುಗ್ಗುತ್ತಾನೆ. ಹಸಿರು ಪುಸ್ತಕ ರ‍್ಯಾಂಪಿನ ಕೊನೆಯಿಂದ ಮೊದಲ ಅಂಗಡಿ ದಾರಿಯವರೆಗೆ ನಗರದಲ್ಲಿ ಕನಿಷ್ಠ 30 ಮೀಟರ್, ಹಳ್ಳಿಗಾಡಿನಲ್ಲಿ 90 ಮೀಟರ್ ಬಿಡಿ ಎನ್ನುತ್ತದೆ. ಇದು ಏನೇನೂ ಸಾಲದೆಂದು ಸಂಚಾರ ತಜ್ಞರೇ ಬಹುಕಾಲದಿಂದ ಗೊಣಗುತ್ತಿದ್ದಾರೆ. ಗಂಟೆಗೆ 50ರಲ್ಲಿ ಹೋಗುವ ಕಾರು 30 ಮೀಟರನ್ನು ಎರಡೇ ಸೆಕೆಂಡಿನಲ್ಲಿ ಮುಗಿಸುತ್ತದೆ. ಅಷ್ಟರಲ್ಲಿ ಮೂರು ಲೇನು ದಾಟುವುದು ಸರ್ಕಸ್ಸು. ಎಡಕ್ಕೆ ಹೋಗಲೇಬೇಕಾದವರನ್ನು ಸಿಗ್ನಲ್ಲಿನಲ್ಲೇ ಎಡಲೇನಿಗೆ ಬಿಡುವುದು, ನಡುವೆ ಎತ್ತರದ ವಿಭಜಕ ಹಾಕಿ ‘ಮುಂದೆ ಹೋಗಿ ಯು-ಟರ್ನ್ ಮಾಡಿ ಬಾ’ ಎನ್ನುವುದು, ಇವು ಪರಿಹಾರಗಳು. ಅಂಗಡಿಯವರು ಎರಡನೆಯದನ್ನು ಒಪ್ಪುವುದಿಲ್ಲ. ಹೀಗೆ ಜಗತ್ತಿನ ಬಹುತೇಕ ಕಡೆ ವಿಭಜಕದ ಉದ್ದವನ್ನು ಭೌತಶಾಸ್ತ್ರದ ಜೊತೆ ಸ್ಥಳೀಯ ರಾಜಕಾರಣವೂ ಸೇರಿ ನಿರ್ಧರಿಸುತ್ತದೆ.

ನಮ್ಮ ಕಡೆ ಸಮಸ್ಯೆಗೆ ಇನ್ನೊಂದು ಮುಖ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಪ್ರವೇಶ ನಿಂತಿತು. ಅವೆಲ್ಲ ಸರ್ವಿಸ್ ರಸ್ತೆಗೆ ಹೋದವು. ಹೆದ್ದಾರಿಯಿಂದ ಹೊರಬೀಳುವ ಕಾರು ಬಂದು ಸೇರುವುದೂ ಅದೇ ಸರ್ವಿಸ್ ರಸ್ತೆಗೆ. ಎಂದರೆ ನೂರರ ವೇಗಕ್ಕೆ ಕಣ್ಣು ಒಗ್ಗಿಸಿಕೊಂಡವನು ರಸ್ತೆಯ ಅತ್ಯಂತ ನಿಧಾನದ ವಾಹನಗಳ ನಡುವೆ ಇಳಿಯುತ್ತಾನೆ. ಮುಖ್ಯ ಪಥದ ನಿಷೇಧ ಸರಿಯೇ. ಆದರೆ ಅದರಿಂದ ಎಕ್ಸಿಟ್ಟಿನ ಬಾಯಿಯ ಮೇಲೆ ಬೀಳುವ ಹೊಣೆ ಇನ್ನೂ ಹೆಚ್ಚಿತು.

ಮತ್ತೆ ಅಮೆರಿಕದ ಸೇತುವೆಗಳಿಗೆ. ಹೆದ್ದಾರಿಗೆ ಹತ್ತಿ ಇಳಿಯಲು ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು ವಜ್ರಾಕೃತಿಯ ಇಂಟರ್‌ಚೇಂಜು. ನಾಲ್ಕು ಕಡೆ ನಾಲ್ಕು ರ‍್ಯಾಂಪು, ಅವು ಅಡ್ಡರಸ್ತೆಯನ್ನು ಸೇರುವಲ್ಲಿ ಸೇತುವೆಯ ಎರಡು ತುದಿಗೆ ಎರಡು ಸಿಗ್ನಲ್. ಅಡ್ಡರಸ್ತೆಯಿಂದ ಹೆದ್ದಾರಿಗೆ ಎಡತಿರುವು ತೆಗೆದುಕೊಳ್ಳುವವರು ಸೇತುವೆಯ ಮೇಲೆಯೇ ಸಾಲು ನಿಲ್ಲಬೇಕು. ಎರಡು ದಿಕ್ಕಿನ ಎಡತಿರುವು ಲೇನುಗಳು ಅದೇ ಸೇತುವೆಯ ಮೇಲೆ ಬೆನ್ನಿಗೆ ಬೆನ್ನು ಹಚ್ಚಿಕೊಂಡಿರುತ್ತವೆ, ಒಂದರ ಉದ್ದ ಹೆಚ್ಚಿಸಿದರೆ ಇನ್ನೊಂದರದು ಕಡಿಮೆ. ಸ್ಪ್ರಿಂಗ್‌ಫೀಲ್ಡಿನಲ್ಲಿ ಆಗಿದ್ದು ಇದೇ. ಎಡಕ್ಕೆ ಹೋಗುವವರ ಸಾಲು ಲೇನು ತುಂಬಿ ಚೆಲ್ಲಿ, ನೇರ ಹೋಗುವವರ ದಾರಿಗೂ ಅಡ್ಡಗಟ್ಟುತ್ತಿತ್ತು. ಸೇತುವೆ ಅಗಲಿಸಿ ಲೇನು ಸೇರಿಸುವುದು ಎಲ್ಲರಿಗೂ ಹೊಳೆಯುವ ಉಪಾಯ, ಅಷ್ಟೇ ದುಬಾರಿ ಉಪಾಯ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗಿಲ್ಬರ್ಟ್ ಕ್ಲೆವಿಕಿ ಎಂಬ ವಿದ್ಯಾರ್ಥಿ 2000ದ ಸುಮಾರಿಗೆ ತರಗತಿಯ ಪ್ರಬಂಧವೊಂದಕ್ಕಾಗಿ ಬೇರೆಯೇ ದಾರಿ ಹಿಡಿದ. ಎಡತಿರುವಿನವರು ಎದುರಿನವರನ್ನು ಸೀಳಬೇಕಾಗಿರುವುದೇ ಕಷ್ಟದ ಮೂಲ. ಹಾಗಾದರೆ ಎಲ್ಲರನ್ನೂ ಒಂದು ಸಲ, ಸಿಗ್ನಲ್ಲಿನ ಕಾವಲಿನಲ್ಲಿ, ಎಡಬದಿಗೆ ದಾಟಿಸಿಬಿಟ್ಟರೆ? ಎಡಬದಿಯಲ್ಲಿ ಇರುವವನಿಗೆ ಎಡತಿರುವು ಎಂದರೆ ಅಂಚಿನಿಂದ ಜಾರಿಹೋಗುವುದಷ್ಟೆ, ನಾವು ಇಲ್ಲಿ ದಿನವೂ ಮಾಡುವ ಹಾಗೆ. 2003ರಲ್ಲಿ ಈ ವಿಚಾರ ಕ್ಯಾಲಿಫೋರ್ನಿಯಾದ ಸಮ್ಮೇಳನವೊಂದರಲ್ಲಿ ಮಂಡನೆಯಾಯಿತು, ‘ಡೈವರ್ಜಿಂಗ್ ಡೈಮಂಡ್’ ಎಂಬ ಹೆಸರಿನಲ್ಲಿ. ತಮಾಷೆಯೆಂದರೆ ಫ್ರಾನ್ಸಿನ ವರ್ಸಾಯ್ ಪಕ್ಕದಲ್ಲಿ ಎ13 ಹೆದ್ದಾರಿಯ ಮೇಲೆ 1970ರ ದಶಕದಿಂದಲೇ ಇಂಥದ್ದೊಂದು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಕ್ಲೆವಿಕಿಗೆ ಅದು ಗೊತ್ತಾದದ್ದು ಆಮೇಲೆ.

ಎಕ್ಸಿಟ್ಟಿನಿಂದ ಬರುವವನ ಕಣ್ಣಿನಲ್ಲಿ ಇದನ್ನು ನೋಡಿ. ಅವನಿಗೆ ಎಡಕ್ಕೆ ಹೋಗಬೇಕು. ಸಾಮಾನ್ಯ ವಜ್ರದಲ್ಲಾದರೆ ಹತ್ತಿರದ ಅರ್ಧ ರಸ್ತೆಯನ್ನು ದಾಟಿ ದೂರದ ಅರ್ಧಕ್ಕೆ ಸೇರಬೇಕು. ಇಲ್ಲಿ ಅವನು ಹೋಗಬೇಕಾದ ದಿಕ್ಕಿನ ವಾಹನಗಳು ಆಗಲೇ ಹತ್ತಿರದ ಅರ್ಧಕ್ಕೆ ಬಂದುಬಿಟ್ಟಿವೆ. ಅವನು ಅವುಗಳೊಂದಿಗೆ ಸೇರಿಕೊಂಡರಾಯಿತು, ಯಾರನ್ನೂ ಸೀಳಬೇಕಿಲ್ಲ. ಕಾಗದದ ಮೇಲೆ ವಾಹನಗಳ ಜಾಡುಗಳನ್ನು ಗೆರೆಯಾಗಿ ಎಳೆದು, ಗೆರೆ ಗೆರೆ ತಾಗುವ ಜಾಗಗಳನ್ನು ಎಣಿಸಿದರೆ ಸಾಮಾನ್ಯ ವಜ್ರದಲ್ಲಿ 26, ಡೈವರ್ಜಿಂಗ್ ಡೈಮಂಡಿನಲ್ಲಿ 14. ಅದಕ್ಕಿಂತ ಮುಖ್ಯ, ಒಂದು ಜಾಡು ಇನ್ನೊಂದನ್ನು ಅಡ್ಡ ಕತ್ತರಿಸುವ ಜಾಗ ಹತ್ತರಿಂದ ಎರಡಕ್ಕೆ ಇಳಿಯುತ್ತದೆ. ಬಾಗಿಲಿಗೆ ಬಂದು ಗುದ್ದುವ, ಜೀವ ತೆಗೆಯುವ ಡಿಕ್ಕಿಗಳು ಹುಟ್ಟುವುದು ಈ ಕತ್ತರಿಗಳಲ್ಲೇ. ಸಿಗ್ನಲ್ಲಿಗೂ ಈಗ ಮೂರರ ಬದಲು ಎರಡೇ ಸರದಿ, ಹಾಗಾಗಿ ಹಸಿರಿನ ಹೊತ್ತು ಹೆಚ್ಚುತ್ತದೆ, ಸಾಲು ಚಿಕ್ಕದಾಗುತ್ತದೆ, ಬಾಲ ಹೆದ್ದಾರಿಗೆ ಮುಟ್ಟುವುದು ತಪ್ಪುತ್ತದೆ.

ಎಲ್ಲರಿಗೂ ಇದ್ದ ಭಯ ಒಂದೇ, ಜನ ಗೊಂದಲಗೊಂಡು ಎದುರುಬದುರು ನುಗ್ಗಿದರೆ? ವರ್ಜೀನಿಯಾದ ಟರ್ನರ್-ಫೇರ್‌ಬ್ಯಾಂಕ್ ಸಂಶೋಧನಾ ಕೇಂದ್ರದಲ್ಲಿ ಸ್ವಯಂಸೇವಕರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ಮೊದಲೇ ಪರೀಕ್ಷೆ ನಡೆಸಿದರು. ಭಯ ಅತಿಯಾದದ್ದೆಂದು ಗೊತ್ತಾಯಿತು. ಚಾಲಕರು ಅಷ್ಟಾಗಿ ಯೋಚಿಸುವುದಿಲ್ಲ, ದಾರಿಯ ಅಂಚುಗಟ್ಟೆ ಎತ್ತ ಕರೆದೊಯ್ಯುತ್ತದೋ ಅತ್ತ ಹೋಗುತ್ತಾರೆ. ಕೋನ ಸರಿಯಾಗಿದ್ದರೆ ತಾನು ಎಡಬದಿಯಲ್ಲಿದ್ದೇನೆ ಎಂಬುದೇ ಹಲವರಿಗೆ ಹೊಳೆಯುವುದಿಲ್ಲ.

ಫಲಿತಾಂಶದ ಬಗ್ಗೆ ಎಚ್ಚರದಿಂದ ಮಾತಾಡಬೇಕು. ರಸ್ತೆ ಸುಧಾರಣೆಗೆ ಸಾಮಾನ್ಯವಾಗಿ ಆರಿಸುವುದು ಇತ್ತೀಚೆಗೆ ಅಪಘಾತ ಹೆಚ್ಚಾದ ಜಾಗಗಳನ್ನು. ಅದೃಷ್ಟ ಕೆಟ್ಟ ವರ್ಷದ ನಂತರ ಏನೂ ಮಾಡದಿದ್ದರೂ ಎಣಿಕೆ ತಾನಾಗಿ ಸರಾಸರಿಯತ್ತ ಇಳಿಯುತ್ತದೆ, ಕೀರ್ತಿ ಮಾತ್ರ ಹೊಸ ವಿನ್ಯಾಸಕ್ಕೆ ಹೋಗುತ್ತದೆ. ಟೊರಾಂಟೊದ ಎಜ್ರಾ ಹೌವರ್ ಈ ಮೋಸದ ವಿರುದ್ಧ ದಶಕಗಳ ಕಾಲ ವಾದಿಸಿ, 1997ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಜೋಸೆಫ್ ಹಮ್ಮರ್ ಮತ್ತು ಸಂಗಡಿಗರು ಅಮೆರಿಕದ ಮೊದಮೊದಲ ಏಳು ಡೈವರ್ಜಿಂಗ್ ಡೈಮಂಡುಗಳನ್ನು, ಬದಲಾಗದೆ ಉಳಿದ ಜಾಗಗಳೊಂದಿಗೆ ತೂಗಿ ನೋಡಿದಾಗ ಒಟ್ಟು ಅಪಘಾತ ಶೇ. 33, ಗಾಯದ ಅಪಘಾತ ಶೇ. 41 ಇಳಿದಿತ್ತು. ಈಗ ಆ ದೇಶದಲ್ಲಿ ಇಂಥವು ನೂರಕ್ಕೂ ಮೇಲಿವೆ. ಅಲ್ಲಿ ನೆಲೆಸಿದ ಕನ್ನಡಿಗರು ಈಗ ಇವನ್ನು ಹಾದು ಕೆಲಸಕ್ಕೆ ಹೋಗಿ ಬರುತ್ತಿರಬಹುದು. ಎಡಗಡೆಯ ಓಟಕ್ಕೆ ಅವರ ಕೈ ಬೇರೆಯವರಿಗಿಂತ ಬೇಗ ಒಗ್ಗುತ್ತದೋ ಏನೋ.

ಹಾಗೆಂದು ಎಲ್ಲವೂ ಬಗೆಹರಿದಿಲ್ಲ. ಅಡ್ಡರಸ್ತೆಯಲ್ಲಿ ನೇರ ಹೋಗುವ ಎರಡೂ ದಿಕ್ಕಿನವರಿಗೆ ಒಟ್ಟಿಗೆ ಹಸಿರು ಕೊಡಲಾಗುವುದಿಲ್ಲ, ಹಾಗಾಗಿ ನೇರ ಸಂಚಾರ ಹೆಚ್ಚಿದ್ದು ಎಡತಿರುವು ಕಡಿಮೆ ಇದ್ದಲ್ಲಿ ಇದು ಲಾಭಕ್ಕಿಂತ ನಷ್ಟ. ಎತ್ತರದ ಸರಕು ಹೊತ್ತ ಲಾರಿ ಸೇತುವೆಯ ಅಡಿ ಹೋಗಲಾರದೆ ಎಕ್ಸಿಟ್ಟಿನಿಂದ ಮೇಲೆ ಬಂದು, ಅಡ್ಡರಸ್ತೆ ದಾಟಿ, ಎದುರಿನ ರ‍್ಯಾಂಪಿನಿಂದ ಮತ್ತೆ ಇಳಿಯುವ ಹಳೆಯ ರೂಢಿ ಇಲ್ಲಿ ನಡೆಯುವುದಿಲ್ಲ. ಪಾದಚಾರಿಗಳು ಹಲವು ಕಡೆ ಎರಡು ದಿಕ್ಕಿನ ವಾಹನಗಳ ನಡುವೆ, ಗೋಡೆ ಕಟ್ಟಿದ ಓಣಿಯಲ್ಲಿ ನಡೆಯಬೇಕು.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಎಕ್ಸಿಟ್ಟಿನಿಂದ ಬಲಕ್ಕೆ ತಿರುಗುವವನು, ಸುಲಭದ ತಿರುವಿನವನು. ಕೆಂಪಿದ್ದರೂ ನಿಂತು ನೋಡಿಕೊಂಡು ಬಲಕ್ಕೆ ತಿರುಗುವುದು ಅಮೆರಿಕದಲ್ಲಿ ರೂಢಿ. ಅವನು ಅಭ್ಯಾಸದಂತೆ ಎಡಕ್ಕೆ ನೋಡುತ್ತಾನೆ. ಹತ್ತಿರದ ಅರ್ಧ ರಸ್ತೆಯ ವಾಹನಗಳು ತನ್ನಿಂದ ದೂರ ಹೋಗುತ್ತಿವೆ, ದಾರಿ ಖಾಲಿ ಎಂದುಕೊಳ್ಳುತ್ತಾನೆ. ಅವನ ಲೇನಿಗೆ ನಿಜವಾಗಿ ಬರುವವರು ಅದರಾಚೆಯ ಅರ್ಧದಿಂದ, ಸೇತುವೆಯ ಗೋಡೆಯ ಮರೆಯಿಂದ, ಓರೆಯಾಗಿ ಹಾದು ಬರುತ್ತಿರುತ್ತಾರೆ. ಫಲಕ ಹಾಕಿದರು, ಸಾಲಲಿಲ್ಲ. ಕೊನೆಗೆ ನೋಟ ಸರಿಯಿಲ್ಲದ ಕಡೆಗಳಲ್ಲಿ ಬಲತಿರುವಿಗೂ ಬಾಣದ ಸಿಗ್ನಲ್ ಇಟ್ಟು, ಕೆಂಪಿನಲ್ಲಿ ತಿರುಗುವುದನ್ನೇ ನಿಷೇಧಿಸುವ ಸಲಹೆ ಬಂತು. ಆಗ ಬಲಕ್ಕೆ ಹೋಗುವವರ ಸಾಲು ಬೆಳೆಯುತ್ತದೆ, ಆ ಸಾಲಿಗೆ ಉದ್ದನೆಯ ಲೇನು ಬೇಕಾಗುತ್ತದೆ. ಎಂಜಿನಿಯರು ಮತ್ತೆ ಪ್ವಾಸೋನನ ಸೂತ್ರ ತೆಗೆದು, ಗಂಟೆಗೆ ಎಷ್ಟು ಕಾರು, ಸುತ್ತಿಗೆ ಎಷ್ಟು ಸೆಕೆಂಡ್ ಎಂದು ಲೆಕ್ಕಕ್ಕೆ ಕೂರುತ್ತಾನೆ.